ಮುಂದಿನ ಗಾಲಿ ಎಳೆಯದಿದ್ದಾಗ

ಮಲೆನಾಡಿನಲ್ಲಿ ಹಳೆಯ ಜೀಪನ್ನು ಇಟ್ಟುಕೊಂಡವರು ಒಂದಲ್ಲ ಒಂದು ಮಳೆಗಾಲದಲ್ಲಿ ಆಡುವ ಮಾತು ಇದು: 'ಫೋರ್‌ವೀಲ್ ಹಾಕಿದರೂ ಮುಂದಿನ ಗಾಲಿ ಎಳೆಯುವುದಿಲ್ಲ.' ಕೂಡಲೇ ಜೀಪು ಪೇಟೆಯ ಗ್ಯಾರೇಜನ್ನು ಸೇರುತ್ತದೆ, ಪೆಟ್ಟಿಗೆಯನ್ನು ಬಿಚ್ಚುತ್ತಾರೆ, ಹಲ್ಲಿನ ಚಕ್ರಗಳನ್ನು ಬದಲಾಯಿಸುತ್ತಾರೆ. ರೋಗ ಮಾತ್ರ ಎಷ್ಟೋ ವೇಳೆ ಬೇರೆಲ್ಲೋ ಉಳಿದಿರುತ್ತದೆ. ಆ ಬೇರೆ ಎಡೆಗಳ ಬಗೆಗೆ ನಾನು ನಾಲ್ಕು ಮಾತು ಹೇಳಬಯಸುತ್ತೇನೆ.

೧೯೪೧ರಿಂದ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನ ರಚನೆಯೇ ಸ್ವಾತಂತ್ರ್ಯಾನಂತರ ಮಹೀಂದ್ರ ಸಂಸ್ಥೆಯ ಮೂಲಕ ನಮ್ಮ ಕಾಫಿ ತೋಟಗಳಿಗೂ ಬಂದಿತು. ಇದರಲ್ಲಿ ಗೇರುಪೆಟ್ಟಿಗೆಯ ಬೆನ್ನಿಗೇ ಇನ್ನೊಂದು ಸಣ್ಣ ಪೆಟ್ಟಿಗೆಯುಂಟು. ಎಂಜಿನ್ನಿನ ಬಲವನ್ನು ಹಿಂದಕ್ಕೆ, ಲಿವರು ಹಾಕಿದಾಗ ಮುಂದಕ್ಕೂ ಹಂಚುವುದು ಅದರ ಕೆಲಸ. ಆದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡು ಅಲ್ಲಿಲ್ಲ. ಲಿವರು ಬಿದ್ದೊಡನೆ ಎರಡೂ ಕಡೆಯ ಶಾಫ್ಟುಗಳು ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ.

ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಗಾಲಿ ಕೊಂಚ ಜಾರಿ ಲೆಕ್ಕ ಸರಿಹೋಗುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಜಾರಲು ಎಡೆಯಿಲ್ಲ. ಆ ತಿರುಚು ಶಾಫ್ಟಿಗೂ ಜಾಯಿಂಟುಗಳಿಗೂ ಏರುತ್ತದೆ. ಟೈರಿನ ವಿಷಯವೂ ಇಷ್ಟೇ. ಇಪ್ಪತ್ತೆಂಟು ಅಂಗುಲ ಎತ್ತರದ ಹೊಸ ಬಟನ್ ಟೈರನ್ನು ಮುಂದೆ ಹಾಕಿ, ಅರ್ಧ ಅಂಗುಲ ಸವೆದುದನ್ನು ಹಿಂದೆ ಬಿಟ್ಟರೆ ಸುತ್ತಳತೆಯಲ್ಲಿ ಮೂರು ಅಂಗುಲಕ್ಕೂ ಮಿಕ್ಕಿ ಅಂತರ. ಒಂದು ಕಿಲೋಮೀಟರಿಗೆ ಸುಮಾರು ಹದಿನಾರು ಸುತ್ತಿನ ಜಗಳ! ಲಿವರು ಕಚ್ಚಿಕೊಂಡು ಬಾರದಿದ್ದರೆ ಸುತ್ತಿಗೆ ಹಿಡಿಯಬೇಡಿ. ಜೀಪನ್ನು ನೇರವಾಗಿ ನಾಲ್ಕಾರು ಅಡಿ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲುವುದುಂಟು.

ಆದ್ದರಿಂದ ಮೊದಲು ನೋಡಬೇಕಾದುದು ಟೈರುಗಳನ್ನು, ಆಮೇಲೆ ಎಣ್ಣೆಯನ್ನು. ಎರಡು ಪೆಟ್ಟಿಗೆಗಳ ನಡುವಣ ಸೀಲು ಹಳತಾದಾಗ ಒಂದರ ಎಣ್ಣೆ ಇನ್ನೊಂದಕ್ಕೆ ಹರಿಯುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಬೀಳದೆ ಒಂದು ಪೆಟ್ಟಿಗೆ ಬತ್ತಿರುತ್ತದೆ. ಎರಡರ ಮಟ್ಟವನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಇಷ್ಟಾದರೂ ಎಳೆಯದಿದ್ದರೆ ಹೀಗೆ ಮಾಡಿ. ಸಮನೆಲದಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡನ್ನೂ ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಆಧಾರವಿಡಿ. ಬರಿಯ ಜಾಕಿಯನ್ನು ನಂಬಬಾರದು. ಎಂಜಿನ್ ನಿಲ್ಲಿಸಿ, ಫೋರ್‌ವೀಲಿನ ಲಿವರು ಹಾಕಿ ಒಂದು ಗಾಲಿಯನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಬೇಕು. ಶಾಫ್ಟು ಅಲುಗದೆ, ಆ ಗಾಲಿಯೂ ಸುಮ್ಮನಿದ್ದರೆ ದೋಷ ಗಾಲಿಯ ಹಬ್ಬಿನಲ್ಲೋ ಒಳಗಣ ಜಾಯಿಂಟಿನಲ್ಲೋ ಅಚ್ಚಿನಲ್ಲೋ ಇದೆ. ಮುಂದಿನ ಶಾಫ್ಟೇ ಸಲೀಸಾಗಿ ತಿರುಗಿತೋ, ಆಗ ಪೆಟ್ಟಿಗೆಯ ಕಡೆ ನೋಡಬಹುದು. ಅಲ್ಲಿಯೂ ಮೊದಲು ಲಿವರಿನ ಸವೆದ ಕೊಂಡಿಗಳನ್ನು.

ಬೇಸತ್ತ ಹಲವರು ಮುಂದಿನ ಶಾಫ್ಟನ್ನೇ ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಹಾಕುತ್ತಾರೆ. ಪೇಟೆಯಲ್ಲಿ ಓಡುವ ಜೀಪಿಗೆ ಇದು ತಪ್ಪೆಂದು ನಾನು ಹೇಳಲಾರೆ. ಗುಡ್ಡದ ಮೇಲಣ ಮನೆಯವರಿಗೆ ಮಾತ್ರ ಒಪ್ಪಲಾರೆ. ಏರುವಾಗ ಎಳೆಯದಿದ್ದರೆ ಜೀಪು ನಿಂತೀತು, ಇಳಿದು ನಡೆಯಬಹುದು. ಭಯವಿರುವುದು ಇಳಿಜಾರಿನಲ್ಲಿ. ನಾಲ್ಕೂ ಗಾಲಿ ಕೂಡಿದ್ದಾಗ ಎಂಜಿನ್ನಿನ ತಡೆ ನಾಲ್ಕಕ್ಕೂ ಹಂಚಿಹೋಗುತ್ತದೆ. ಶಾಫ್ಟು ಬಿಚ್ಚಿದಾಗ ಹಿಂದಿನ ಎರಡೇ ಅದನ್ನು ಹೊರಬೇಕು, ಅವು ಕೆಸರಿನಲ್ಲಿ ಜಾರಿದರೆ ಜೀಪಿನ ಬಾಲ ಕಣಿವೆಯ ಕಡೆಗೆ ಹೊರಳುತ್ತದೆ. ಆಷಾಢದ ರಾತ್ರಿ ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇಳಿಜಾರಿನಲ್ಲೇ ಅಲ್ಲವೇ?

ಬಿಚ್ಚಲೇಬೇಕಾಗಿ ಬಂದರೆ ಲೋ ಗೇರನ್ನು ಬಳಸಬೇಡಿ. ಇಮ್ಮಡಿಯಾದ ಬಲವೆಲ್ಲ ಹಿಂದಿನ ಅಚ್ಚೊಂದರ ಮೇಲೆ ಬಿದ್ದು ಅದು ಮುರಿಯಬಹುದು. ಸರಿಪಡಿಸಿಕೊಂಡವರು ಬೇಸಗೆಯಲ್ಲೂ ತಿಂಗಳಿಗೊಮ್ಮೆ ತೋಟದ ಮಣ್ಣುದಾರಿಯಲ್ಲಿ ಫೋರ್‌ವೀಲ್ ಹಾಕಿ ಸ್ವಲ್ಪ ದೂರ ಓಡಿಸಲಿ. ನಿಂತ ಲಿವರು ತುಕ್ಕು ಹಿಡಿಯುತ್ತದೆ, ಮೇಲಿನ ಜಾಯಿಂಟುಗಳಿಗೆ ಎಣ್ಣೆ ತಲಪುವುದಿಲ್ಲ. ಈ ಕೆಲಸಕ್ಕೆ ಮೊದಲ ಮಳೆಗೆ ಮುಂಚಿನ ಮೇ ತಿಂಗಳೇ ಅನುಕೂಲ. ಜೂನಿನಲ್ಲಿ ಗ್ಯಾರೇಜಿನ ಮುಂದೆ ಜೀಪುಗಳ ಸಾಲು ನಿಂತಿರುತ್ತದೆ.