ಯಂತ್ರ ಕೊಂಡರೆ ಮುಗಿಯಲಿಲ್ಲ, ಮಾಲೀಕರೇ

ಊರಿಗೆ ಹೋಗುವ ಬಸ್ಸಿಗಾಗಿ ಮಾಜಿವಾಡಾ ನಾಕಾದಲ್ಲಿ ಕಾದು ನಿಂತ ಅನುಭವ ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಬೋರಿವಲಿಯಿಂದ ಹೊರಟ ಬಸ್ಸು ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ನಾವು ಬ್ಯಾಗು, ಮಕ್ಕಳು, ನೀರಿನ ಬಾಟಲಿ ಹಿಡಿದುಕೊಂಡು ರಸ್ತೆ ಬದಿಯಲ್ಲಿರುತ್ತೇವೆ. ಬಸ್ಸು ಬಂತೆಂದರೆ ಸೀಟು ಯಾವುದು, ಉಡುಪಿಗೆ ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಕೇಳುತ್ತೇವೆ. ಹೊರಡುವ ಮುಂಚೆ ಡ್ರೈವರನ ಉಸಿರು ಪರೀಕ್ಷೆ ಆಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಇವತ್ತಿನ ಮಾತು ಡ್ರೈವರುಗಳಿಗೆ ಬುದ್ಧಿ ಹೇಳುವುದಕ್ಕಲ್ಲ. ಅದನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮಾತು ಗಾಡಿಯ ಮಾಲೀಕರಿಗೆ, ಬೆಳಿಗ್ಗೆ ಗಾಡಿ ಬಿಡುವ ಸೂಪರ್‌ವೈಸರುಗಳಿಗೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಎರಡು ಬಸ್ಸು, ನಾಲ್ಕು ಟೆಂಪೊ, ಒಂದು ಶಾಲಾ ವ್ಯಾನು ಇಟ್ಟುಕೊಂಡವರು ಕಡಿಮೆಯೇನಿಲ್ಲ.

ನಾನೂ ಒಂದು ಕಾಲದಲ್ಲಿ ಗಾಡಿ ಬಿಡುವ ಕೆಲಸದಲ್ಲಿದ್ದವನು. ಕಂಪನಿಯ ಹೆಸರು ಬೇಡ. ಒಂದು ಮುಂಜಾನೆ ಐದು ಗಂಟೆಗೆ, ಹನ್ನೊಂದು ವರ್ಷ ಒಂದೂ ದೂರಿಲ್ಲದೆ ದುಡಿದ ಡ್ರೈವರ್ ಸಹಿ ಮಾಡಲು ಬಂದ. ವಾಸನೆ ನನಗೆ ಗೊತ್ತಾಯಿತು. ಅವನಿಗೂ ಗೊತ್ತಿತ್ತು. "ರಾಯರೇ, ನಿನ್ನೆ ರಾತ್ರಿಯದ್ದು, ಈಗ ಏನೂ ಇಲ್ಲ" ಅಂದ. ಲೋಡು ಆಗಿತ್ತು, ಬದಲಿ ಆಳು ಇರಲಿಲ್ಲ, ಪಾರ್ಟಿಯಿಂದ ಎರಡು ಸಲ ಫೋನು ಬಂದಿತ್ತು. "ಮುಖ ತೊಳೆದುಕೋ, ಒಂದು ಕಟಿಂಗ್ ಕುಡಿದು ಹೊರಡು" ಎಂದೆ. ಭಿವಂಡಿ ರಸ್ತೆಯಲ್ಲಿ ಗಾಡಿ ನಿಂತಿದ್ದ ಟ್ರೇಲರಿಗೆ ಹಿಂದಿನಿಂದ ಗುದ್ದಿತು. ಕ್ಲೀನರ್ ಹುಡುಗನ ಬಲಗಾಲು ಹೋಯಿತು. ಕೇಸು ಡ್ರೈವರನ ಮೇಲೆ ಆಯಿತು. ಆ ದಿನ ಗಾಡಿ ಬಿಟ್ಟವರು ಯಾರು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಕೇಳಬಹುದಿತ್ತು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ನಿಮಗೆಲ್ಲ ಗೊತ್ತು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಮೂರು ಕಲಮು ಮುಂದೆ ಹೋಗಿ 188 ಓದಿದವರು ಎಷ್ಟು ಮಂದಿ? ಆ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎಂದು ಅಲ್ಲಿದೆ. ಗೊತ್ತಿದ್ದೂ ಕೀಲಿಕೈ ಕೊಟ್ಟವನು ತಾನು ಇದಕ್ಕೆ ಹೊರಗಿನವನು ಎಂದು ಭಾವಿಸಬಾರದು. ಇನ್ನು ವಿಮೆ. ಡ್ರೈವರ್ ಅಮಲಿನಲ್ಲಿದ್ದರೆ ಗಾಡಿಯ ನಷ್ಟಕ್ಕೆ ವಿಮಾ ಕಂಪನಿ ದುಡ್ಡು ಕೊಡುವುದಿಲ್ಲ. ಪಾಲಿಸಿಯ ಸಣ್ಣ ಅಕ್ಷರದಲ್ಲಿ ಅದು ಸ್ಪಷ್ಟವಾಗಿಯೇ ಇರುತ್ತದೆ.

ಈಗ ಒಂದು ತಮಾಷೆ ನೋಡಿ. ವಿಮಾನದ ಪೈಲಟ್ ಹೊರಡುವ ಮುಂಚೆ ಯಂತ್ರಕ್ಕೆ ಊದಬೇಕು. ಒಮ್ಮೆ ಸಿಕ್ಕಿಬಿದ್ದರೆ ಮೂರು ತಿಂಗಳು ಲೈಸೆನ್ಸು ಅಮಾನತು. 2019ರಿಂದ ನಿಲ್ದಾಣದ ಒಳಗೆ ವಾಹನ ಓಡಿಸುವವರನ್ನೂ ಈ ಪರೀಕ್ಷೆಯ ವ್ಯಾಪ್ತಿಗೆ ತಂದರು. 2022ರ ಜನವರಿ 31ರಿಂದ ಪೈಲಟ್ಟುಗಳು ಮತ್ತು ವಿಮಾನ ಸಂಚಾರ ನಿಯಂತ್ರಕರಲ್ಲಿ ಗಾಂಜಾ, ಅಫೀಮು, ಕೊಕೇನ್ ಮುಂತಾದ ಮಾದಕ ವಸ್ತುಗಳ ಪರೀಕ್ಷೆಯೂ ಬಂತು. ರೈಲಿನ ಲೋಕೋ ಪೈಲಟ್ ಕೂಡ ಡ್ಯೂಟಿಗೆ ಸಹಿ ಹಾಕುವಾಗ ಊದುತ್ತಾನೆ. ಹಾಗೆಂದರೆ ನಮ್ಮ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದ ಒಳಗೆ ಸಾಮಾನಿನ ಟ್ರ್ಯಾಕ್ಟರ್ ಓಡಿಸುವವನಿಗೆ ಪರೀಕ್ಷೆ ಇದೆ. ಅದೇ ನಿಲ್ದಾಣದ ಗೇಟಿನ ಹೊರಗೆ, ನಲವತ್ತು ಟನ್ನಿನ ಕಂಟೇನರ್ ಹೇರಿಕೊಂಡು ರಾತ್ರಿ ಮಾಜಿವಾಡಾ ದಾಟಿ ಗುಜರಾತಿಗೆ ಹೋಗುವವನಿಗೆ, ಪೊಲೀಸರು ಕೈ ಅಡ್ಡ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನ ಮಾಲೀಕನ ಮನಸ್ಸಾಕ್ಷಿಯೇ ಅವನ ಪರೀಕ್ಷೆ.

ಅಮೆರಿಕದಲ್ಲೂ ಮೊದಲು ಹೀಗೇ ಇತ್ತು. 1987ರ ಜನವರಿ 4ರಂದು ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ ರೈಲು ದುರಂತವಾಗಿ 16 ಮಂದಿ ಸತ್ತರು. ಎಂಜಿನ್ ಸಿಬ್ಬಂದಿ ಗಾಂಜಾ ಸೇದಿದ್ದರೆಂದು ತನಿಖೆಯಲ್ಲಿ ಗೊತ್ತಾಯಿತು. 1991ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಸುರಂಗ ರೈಲನ್ನು ಕುಡಿದವನೊಬ್ಬ ಹಳಿ ತಪ್ಪಿಸಿ ಐವರು ಸತ್ತರು. ಅದೇ ವರ್ಷ ಸಾರಿಗೆ ನೌಕರರ ಪರೀಕ್ಷೆಯ ಕಾಯಿದೆ ಆಯಿತು. ನನಗೆ ಅಲ್ಲಿ ಮೆಚ್ಚುಗೆಯಾದದ್ದು ಒಂದು ಸಣ್ಣ ನಿಯಮ. ಲಾರಿ, ಬಸ್ಸು ಕಂಪನಿಯ ಸೂಪರ್‌ವೈಸರಿಗೆ ಮದ್ಯದ ಬಗ್ಗೆ ಕನಿಷ್ಠ 60 ನಿಮಿಷ, ಮಾದಕ ವಸ್ತುಗಳ ಬಗ್ಗೆ ಇನ್ನೊಂದು 60 ನಿಮಿಷ ತರಬೇತಿ ಕಡ್ಡಾಯ. ಎರಡೇ ಗಂಟೆ! ಆ ಎರಡು ಗಂಟೆಯಲ್ಲಿ ಕಲಿಸುವುದು ಏನೆಂದರೆ, ಮನುಷ್ಯನ ಚಹರೆ, ನಡೆ, ಮಾತು, ಮೈವಾಸನೆ ಇವನ್ನು ಗಮನಿಸಿ ಅನುಮಾನಕ್ಕೆ ಕಾರಣ ಬರೆದಿಡುವುದು ಹೇಗೆ ಎಂದು. "ನನಗೆ ಅವನ ಮೇಲೆ ಮೊದಲಿನಿಂದಲೂ ಡೌಟು" ಎಂಬುದು ಕಾರಣವಲ್ಲ. "5.10ಕ್ಕೆ ಬಂದ, ಮಾತು ತೊದಲಿತು, ಬಾಗಿಲ ಚೌಕಟ್ಟು ಹಿಡಿದು ನಿಂತ" ಎಂಬುದು ಕಾರಣ. ಇದು ಗೊತ್ತಿರದಿದ್ದರೆ ಯಂತ್ರವು ಮಾಲೀಕನ ಕೈಯಲ್ಲಿ ದ್ವೇಷ ತೀರಿಸುವ ಸಾಧನವಾಗುತ್ತದೆ. ಸಂಬಳ ಹೆಚ್ಚು ಕೇಳಿದವನಿಗೆ ದಿನಾ ಊದಿಸುವುದು, ಭಾವಮೈದುನನನ್ನು ಬಿಟ್ಟುಬಿಡುವುದು, ಇಂಥದ್ದನ್ನೂ ನಾನು ಕಂಡಿದ್ದೇನೆ.

ನೆನಪಿಡಿ, ಮಾಲೀಕನಿಗೆ ಪೊಲೀಸರ ಅಧಿಕಾರ ಇಲ್ಲ. ಕಾಯಿದೆ ಪ್ರಕಾರ ರಸ್ತೆಯಲ್ಲಿ ತಡೆದು ಊದಿಸುವ ಹಕ್ಕು ಪೊಲೀಸರದ್ದು. ನೀವು ಊದಿಸಬೇಕಾದರೆ ಅದು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಒಪ್ಪಿಗೆಯ ಪತ್ರದಲ್ಲಿ ಬರೆದಿರಬೇಕು. ಅದೂ ಡ್ರೈವರಿಗೆ ಅರ್ಥವಾಗುವ ಭಾಷೆಯಲ್ಲಿ. ಹಿಂದಿ ಓದುವವನಿಗೆ ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ಯಾವಾಗ ಪರೀಕ್ಷೆ, ಯಾರು ಮಾಡುತ್ತಾರೆ, ಬಂದ ಅಂಕಿ ಯಾರ ಕಣ್ಣಿಗೆ ಬೀಳುತ್ತದೆ, ತಪ್ಪಿಗೆ ಏನು ಕ್ರಮ, ಎಲ್ಲ ಮೊದಲೇ ಹೇಳಿರಬೇಕು. ಇಡೀ ಗ್ಯಾರೇಜಿನ ಎದುರು ಊದಿಸಿ ನಗಾಡಬಾರದು.

ಯಂತ್ರದ ಕತೆಗೆ ಬರೋಣ. 2025ರ ಜುಲೈಯಲ್ಲಿ ಕೇರಳದ ಪಂದಳಂ ಸರಕಾರಿ ಬಸ್ ಡಿಪೋದಲ್ಲಿ ನಡೆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕುಡಿಯದ ಡ್ರೈವರುಗಳು ಊದಿದರೆ ಯಂತ್ರ ಕೂಗಿತು. ಕೊನೆಗೆ ನೋಡಿದರೆ ಎಲ್ಲರೂ ಹಲಸಿನ ಹಣ್ಣು ತಿಂದಿದ್ದರು! ಚೆನ್ನಾಗಿ ಕಳಿತ ಹಣ್ಣಿನಲ್ಲಿ ಸಕ್ಕರೆ ಹುಳಿತು ಸ್ವಲ್ಪ ಆಲ್ಕೋಹಾಲ್ ಆಗುತ್ತದೆ, ಅದು ಬಾಯಿಯಲ್ಲಿ ಉಳಿಯುತ್ತದೆ. ಬಾಯಿ ಮುಕ್ಕಳಿಸುವ ಔಷಧಿ, ಕೆಲವು ಕೆಮ್ಮಿನ ಸಿರಪ್ ಕೂಡ ಹೀಗೇ. ಆದ್ದರಿಂದಲೇ ಮೊದಲ ಊದು ಕೊನೆಯ ತೀರ್ಪಲ್ಲ. ಯಂತ್ರ ಕೂಗಿದರೆ ನೀರಿನಿಂದ ಬಾಯಿ ತೊಳೆಸಿ, ಕಣ್ಣೆದುರಿಗೇ ಕೂರಿಸಿ, ಏನೂ ತಿನ್ನಲು ಕೊಡದೆ 15 ನಿಮಿಷ ಬಿಟ್ಟು ಎರಡನೇ ಸಲ ಊದಿಸಬೇಕು. ಹಲಸಿನ ಹಣ್ಣಾದರೆ ಅಂಕಿ ಇಳಿದುಹೋಗಿರುತ್ತದೆ. ರಕ್ತದಲ್ಲಿರುವುದಾದರೆ ಇಳಿಯುವುದಿಲ್ಲ. ಯಂತ್ರವನ್ನು ಕಂಪನಿ ಹೇಳಿದ ಅವಧಿಗೆ ಸರಿಯಾಗಿ ಕ್ಯಾಲಿಬ್ರೇಷನ್ ಮಾಡಿಸಿ, ಚೀಟಿ ಜೋಪಾನವಾಗಿಡಿ. ಮಾರುಕಟ್ಟೆಯ ಅಗ್ಗದ ಆಟಿಕೆಗಳನ್ನು ನಂಬಿ ಒಬ್ಬನ ಅನ್ನ ಕಸಿಯಬೇಡಿ.

ಮಾದಕ ವಸ್ತುವಿನ ಮೂತ್ರ ಪರೀಕ್ಷೆ ಇನ್ನೂ ನಾಜೂಕು. ಗಸಗಸೆ ಪಾಯಸ ಉಂಡವನ ಮೂತ್ರದಲ್ಲೂ ಮಾರ್ಫಿನ್ ಕಾಣಿಸಬಹುದು. ಇಂಥ ತೊಂದರೆಗಾಗಿಯೇ ಅಮೆರಿಕದವರು 1998ರಲ್ಲಿ ಅಫೀಮಿನ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿದರು. ಗಾಂಜಾ ಸೇದಿದ ಗುರುತು ಮೂತ್ರದಲ್ಲಿ ದಿನಗಟ್ಟಲೆ, ಅಭ್ಯಾಸ ಇರುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಪಟ್ಟಿಯ ಮೇಲೆ ಗೆರೆ ಬಂತೆಂದ ಮಾತ್ರಕ್ಕೆ ಈಗ ಅಮಲಿನಲ್ಲಿದ್ದಾನೆ ಎಂದಾಗುವುದಿಲ್ಲ. ಅಂಥ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು, ಅವನು ತೆಗೆದುಕೊಳ್ಳುವ ಔಷಧಿಗಳ ಚೀಟಿ ವೈದ್ಯರು ನೋಡಬೇಕು. ಅಲ್ಲಿಯವರೆಗೆ ಅವನನ್ನು ಸ್ಟಿಯರಿಂಗ್‌ನಿಂದ ದೂರ ಇಡಬಹುದು, ಕಳ್ಳನಂತೆ ಕಾಣಬಾರದು.

ಮಾಲೀಕರಿಗೆ ಎಲ್ಲಕ್ಕಿಂತ ಮೊದಲು ಕಲಿಸಬೇಕಾದ ಲೆಕ್ಕ ಒಂದಿದೆ. ನನಗೆ ಅದು ಆ ಮುಂಜಾನೆ ಗೊತ್ತಿರಲಿಲ್ಲ. ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಆಲ್ಕೋಹಾಲನ್ನು ಇಳಿಸುತ್ತದೆ. ರಾತ್ರಿ 12ಕ್ಕೆ ಕುಡಿತ ನಿಲ್ಲಿಸಿದಾಗ 150 ಇದ್ದರೆ ಬೆಳಿಗ್ಗೆ 6ಕ್ಕೆ 60 ಉಳಿದಿರುತ್ತದೆ, ಕಾನೂನಿನ ಮಿತಿಯ ಎರಡರಷ್ಟು. ಚಹಾ ಕುಡಿಸಿದರೂ, ತಣ್ಣೀರು ಸುರಿದರೂ, ಲಿಂಬೆ ಹಿಂಡಿದರೂ ಈ ಲೆಕ್ಕ ಬದಲಾಗುವುದಿಲ್ಲ. ಕುಡಿದವನಿಗೆ ತಾನು ಸರಿಯಾಗಿದ್ದೇನೆ ಅನ್ನಿಸುತ್ತದೆ, ಅದೇ ಅಪಾಯ. ಬೆಂಗಳೂರಿನ ಸಂಚಾರ ಪೊಲೀಸರು 2024ರಲ್ಲಿ ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಡೆದು ಊದಿಸಿದಾಗ ಸಿಕ್ಕಿಬಿದ್ದ ಡ್ರೈವರುಗಳಿದ್ದರು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಹೊತ್ತಿಗೆ ಯಾರೂ ಬಾಟಲಿ ತೆರೆಯುವುದಿಲ್ಲ, ಹೆಚ್ಚಿನದು ಹಿಂದಿನ ರಾತ್ರಿಯ ಬಾಕಿಯೇ ಇರಬೇಕು.

ಇಲ್ಲಿ ಒಂದು ಮಾತು ಹೇಳಲು ನಾಲಿಗೆ ತಡವರಿಸುತ್ತದೆ. ಹೆದ್ದಾರಿ ಬದಿಯ ಪರ್ಮಿಟ್ ರೂಮುಗಳನ್ನು ನಡೆಸುವವರಲ್ಲಿ ನಮ್ಮವರು ಬಹಳ. ಅದು ಲೈಸೆನ್ಸಿನ ವ್ಯಾಪಾರ, ನಾನು ಹಳಿಯುವುದಿಲ್ಲ. ಆದರೆ ಹೊರಗೆ ಗಾಡಿ ನಿಲ್ಲಿಸಿ ಬಂದ ಡ್ರೈವರಿಗೆ ಮೂರನೆಯ ಕ್ವಾರ್ಟರ್ ಇಡುವ ಮುಂಚೆ "ಎಷ್ಟು ಗಂಟೆಗೆ ಹೊರಡುವುದು ಮಾರಾಯಾ?" ಎಂದು ಕೇಳಬಹುದಲ್ಲ.

ಕೊನೆಗೆ, ಎರಡನೇ ಊದಿನಲ್ಲೂ ಅಂಕಿ ಬಂತು. ಈಗ ಏನು? ಹೆಚ್ಚಿನ ಮಾಲೀಕರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ. ಅವನ ಕೀಲಿಕೈ ತೆಗೆದುಕೊಳ್ಳಿ, ಅವನದ್ದೇ ಬೈಕಿನದ್ದೂ. ರಿಕ್ಷಾದಲ್ಲಿ ಮನೆಗೆ ಕಳುಹಿಸಿ. ಮಾತುಕತೆ ಮರುದಿನ, ಅಮಲು ಇಳಿದ ಮೇಲೆ. ಅದೇ ಹೊತ್ತಿಗೆ ಕೆಲಸದಿಂದ ಕಿತ್ತುಹಾಕಿದರೆ ಅವನು ಸಂಜೆಗೆ ಪಕ್ಕದ ಯಾರ್ಡಿನಲ್ಲಿ, ಊದಿಸದ ಸೇಟ್ ಬಳಿ ಸೇರಿರುತ್ತಾನೆ, ರಸ್ತೆ ಅದೇ. ವಿಮಾನದವರು ಕೂಡ ಮಾದಕ ವಸ್ತುವಿನಲ್ಲಿ ಮೊದಲ ಸಲ ಸಿಕ್ಕವನನ್ನು ವ್ಯಸನ ಬಿಡಿಸುವ ಕೇಂದ್ರಕ್ಕೆ ಕಳುಹಿಸುತ್ತಾರೆ. ನಮ್ಮಲ್ಲಿಗೂ ಅದಕ್ಕೆ ದಾರಿ ಇದೆ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. ಪುಣೆಯಲ್ಲಿ 1986ರಿಂದ ಮುಕ್ತಾಂಗಣ ಕೇಂದ್ರ ಇದೆ. ಚಿಕಿತ್ಸೆ ಮುಗಿಸಿ ಬಂದವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರೆ, ಅಮೆರಿಕದ ನಿಯಮದಂತೆ ವರ್ಷದಲ್ಲಿ ಕನಿಷ್ಠ ಆರು ಸಲ ಹೇಳದೆ ಕೇಳದೆ ಊದಿಸಿ. ಅವನೂ ಅದಕ್ಕೆ ಒಪ್ಪಿಯೇ ಬರುತ್ತಾನೆ.

ನಿಮ್ಮ ಮಗುವಿನ ಬಸ್ಸಿನ ಮಾಲೀಕರನ್ನು ಒಮ್ಮೆ ಕೇಳಿ ನೋಡಿ. ಬೆಳಿಗ್ಗೆ ಊದಿಸುವವರು ಯಾರು, ಅಂಕಿ ಬಂದರೆ ಬದಲಿ ಡ್ರೈವರ್ ಯಾರು? ಎರಡನೆಯ ಪ್ರಶ್ನೆಗೆ ತಡವರಿಸಿದರೆ ಮೊದಲನೆಯದರ ಉತ್ತರವನ್ನೂ ನಂಬಬೇಡಿ. ಏಕೆಂದರೆ ಬದಲಿ ಆಳು ಇಲ್ಲದ ಕಡೆ ಯಂತ್ರ ಕೂಗಿದರೂ ಬಸ್ಸು ಹೊರಡುತ್ತದೆ.

ಮಾಜಿವಾಡಾದಲ್ಲಿ ನನಗೆ ಪರಿಚಯದ ಮಾಲೀಕರೊಬ್ಬರು ಇದ್ದಾರೆ, ಐದು ಬಸ್ಸುಗಳವರು. ಒಬ್ಬ ಹೆಚ್ಚುವರಿ ಡ್ರೈವರನನ್ನು ದಿನಗೂಲಿ ಕೊಟ್ಟು ಮುಂಜಾನೆ ಯಾರ್ಡಿನಲ್ಲಿ ಕೂರಿಸುತ್ತಾರೆ. ಸುಮ್ಮನೆ ಕೂತವನಿಗೆ ಸಂಬಳ ಎಂದು ನನ್ನೆದುರು ಪ್ರತಿಸಲ ಗೊಣಗುತ್ತಾರೆ. ಮೊನ್ನೆ ಸಿಕ್ಕಾಗ ಕೇಳಿದೆ. ಹಿಂದಿನ ತಿಂಗಳು ಯಂತ್ರ ಎರಡು ಸಲ ಕೂಗಿತ್ತಂತೆ. ಒಂದು ಸಲ ಹಲ್ಲುನೋವಿಗೆ ಮುಕ್ಕಳಿಸಿದ ಔಷಧಿ, ಹದಿನೈದು ನಿಮಿಷಕ್ಕೆ ಸರಿಹೋಯಿತು. ಇನ್ನೊಂದು ಸಲ ನಿಜವಾದದ್ದೇ. ಆ ದಿನ ಮಕ್ಕಳು ಶಾಲೆಗೆ ಇಪ್ಪತ್ತು ನಿಮಿಷ ತಡವಾಗಿ ಮುಟ್ಟಿದರು.