ಬಿಡದಿಯ ಗೇರ್‌ಬಾಕ್ಸು, ಮಸರಕಲ್ಲಿನ ಹತ್ತಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಯಲ್ಲಿ ಓದುವಾಗ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಬಂದಿತ್ತು: ‘ಆಮದು ಸುಂಕ ಎಂದರೇನು?’ ನಾನು ಬಾಯಿಪಾಠ ಮಾಡಿದ್ದನ್ನು ಬರೆದೆ, ಎರಡೂ ಅಂಕ ಬಂದವು. ಅದರ ಅರ್ಥ ತಿಳಿಯುವುದಕ್ಕೆ ಮಾತ್ರ ಇಪ್ಪತ್ತು ವರ್ಷ ಹಿಡಿಯಿತು. ಇವತ್ತು ಸಂಘಟಕರು ನನಗೆ ‘ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಿ’ ಎಂದಿದ್ದಾರೆ. ಕ್ಷಮಿಸಬೇಕು, ಆ ಎರಡು ಅಂಕದ ಪ್ರಶ್ನೆಗೇ ಇನ್ನೊಮ್ಮೆ ಉತ್ತರ ಹೇಳುತ್ತೇನೆ.

2025ರ ಆಗಸ್ಟ್‌ನಲ್ಲಿ ಅಪ್ಪ ಫೋನ್ ಮಾಡಿದ್ದರು. ಹೊಲದಲ್ಲಿ ಹತ್ತಿ ಇನ್ನೂ ಕಾಯಿ ಕಟ್ಟುತ್ತಿತ್ತು. ‘ತಮ್ಮಾ, ಹೊರಗಿನ ಹತ್ತಿಗೆ ಸುಂಕ ತೆಗದಾರಂತ, ಈ ಸಲ ರೇಟು ಏಳಂಗಿಲ್ಲ ಅಂತ ಗಂಜಿನಾಗ ಅಡತಿ ಸಾಹುಕಾರ ಹೇಳಾಕತ್ಯಾನ. ನೀ ಇಂಜಿನಿಯರ್ ಇದ್ದಿ, ಇದನ್ನ ಯಾರು ಮಾಡತಾರಪ್ಪ?’ ಎಂದು ಕೇಳಿದರು. ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಏಕೆಂದರೆ ಉತ್ತರ ನನಗೆ ಗೊತ್ತಿತ್ತು. ನನ್ನ ಸಂಬಳ ಬರುವುದೇ ಸುಂಕದ ಲೆಕ್ಕದಿಂದ.

ನಾನು ಬೆಂಗಳೂರಿನಲ್ಲಿ ಮಾಡುವುದು ವಾಹನ ತಯಾರಕರಿಗೆ ಬೇಕಾದ ಲೆಕ್ಕದ ತಂತ್ರಾಂಶ. ಒಂದು ಕಾರಿನಲ್ಲಿ ಸಾವಿರಾರು ಬಿಡಿಭಾಗ ಇರುತ್ತವೆ. ಯಾವ ಭಾಗ ಯಾವ ದೇಶದಿಂದ ಬಂತು, ಅದಕ್ಕೆ ಎಷ್ಟು ಸುಂಕ, ಇಲ್ಲೇ ಮಾಡಿದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಸರಕಾರದ ಸುಂಕದ ಪಟ್ಟಿಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಇದೆ. ಕಾರು 8703. ಬಿಡಿಭಾಗ 8708. ನಮ್ಮ ಹೊಲದ ಹತ್ತಿ 5201. ಎಲ್ಲವೂ ಒಂದೇ ಪುಸ್ತಕದಲ್ಲಿವೆ. ಕಾರು ಕಾರ್ಖಾನೆ ಎಲ್ಲಿ ಬರಬೇಕು ಎಂದು ನಿರ್ಧರಿಸುವ ಪುಸ್ತಕವೇ ಅಪ್ಪನ ಹತ್ತಿಯ ರೇಟಿಗೂ ಕೈ ಹಾಕುತ್ತದೆ.

ಮೊದಲು ಕಾರಿನ ಕಥೆ. ಮಕ್ಕಳೇ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಡದಿ ಸಿಗುತ್ತದೆ. ಟೊಯೊಟಾ ಕಂಪನಿ ಕಿರ್ಲೋಸ್ಕರರ ಜೊತೆಗೂಡಿ 1997ರಲ್ಲಿ ಅಲ್ಲಿಗೆ ಬಂತು. 1999ರ ಡಿಸೆಂಬರ್‌ನಲ್ಲಿ ತಯಾರಿಕೆ ಶುರುವಾಯಿತು. ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ. ಜಪಾನಿನಲ್ಲಿ ಕಾರು ಮಾಡಿ ಹಡಗಿನಲ್ಲಿ ಕಳಿಸಬಹುದಿತ್ತಲ್ಲ, ಇಲ್ಲಿ ಜಾಗ ಕೊಂಡು ಕಾರ್ಖಾನೆ ಏಕೆ ಕಟ್ಟಿದರು?

ಏಕೆಂದರೆ ಬಾಗಿಲು ಮುಚ್ಚಿತ್ತು. 2001ರ ಏಪ್ರಿಲ್‌ವರೆಗೆ ಪೂರ್ತಿ ತಯಾರಾದ ಕಾರನ್ನು ಯಾರು ಬೇಕಾದರೂ ಆಮದು ಮಾಡುವಂತಿರಲಿಲ್ಲ, ಅದಕ್ಕೆ ಲೈಸೆನ್ಸ್ ಬೇಕಿತ್ತು. 1997ರ ಡಿಸೆಂಬರ್‌ನಲ್ಲಿ ಸರಕಾರ ಇನ್ನೊಂದು ಷರತ್ತು ಹಾಕಿತು: ಬಿಡಿಭಾಗ ತಂದು ಜೋಡಿಸುವ ಕಂಪನಿಗಳು ಮೂರು ವರ್ಷದೊಳಗೆ ಶೇ. 50, ಐದು ವರ್ಷದೊಳಗೆ ಶೇ. 70ರಷ್ಟು ಭಾಗ ಇಲ್ಲಿಯದೇ ಬಳಸಬೇಕು. ಅಮೆರಿಕ ಮತ್ತು ಯುರೋಪ್ ಒಕ್ಕೂಟ ಇದರ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟವು. ನಾವು ಸೋತೆವು, 2002ರಲ್ಲಿ ಆ ಷರತ್ತು ಹೋಯಿತು. ಆದರೆ ಅಷ್ಟರಲ್ಲಿ ಕಾರ್ಖಾನೆಗಳು ನಿಂತಿದ್ದವು, ಅವುಗಳ ಸುತ್ತ ಬಿಡಿಭಾಗ ಮಾಡುವವರೂ ಬೇರು ಬಿಟ್ಟಿದ್ದರು.

ಷರತ್ತು ಹೋದರೂ ಸುಂಕದ ಗೋಡೆ ಉಳಿಯಿತು. 2023ರ ಬಜೆಟ್‌ನ ಲೆಕ್ಕ ನೋಡಿ. 40 ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಪೂರ್ತಿ ಕಾರಿಗೆ ಶೇ. 70 ಸುಂಕ. ಅದೇ ಕಾರನ್ನು ಬಿಚ್ಚಿ ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸಿದರೆ ಶೇ. 15. ಹತ್ತು ಲಕ್ಷದ ಕಾರು ಪೂರ್ತಿಯಾಗಿ ಬಂದರೆ ಸುಂಕ ಸೇರಿ ಹದಿನೇಳು ಲಕ್ಷ, ಬಿಡಿಯಾಗಿ ಬಂದರೆ ಹನ್ನೊಂದೂವರೆ ಲಕ್ಷ. ಉಳಿಯುವ ಐದೂವರೆ ಲಕ್ಷದಲ್ಲಿ ಎಷ್ಟೋ ಜನರಿಗೆ ಸಂಬಳ ಕೊಡಬಹುದು. ವೋಲ್ವೋ ಕಾರುಗಳು 2017ರಿಂದ ಹೊಸಕೋಟೆಯಲ್ಲಿ ಜೋಡಣೆಯಾಗಲು ಶುರುವಾದದ್ದರ ಹಿಂದೆ ಇಂಥ ಲೆಕ್ಕವೇ ಇದೆ.

ಹಾಗಾದರೆ ಗೋಡೆ ಎತ್ತರ ಮಾಡಿದಷ್ಟೂ ಒಳ್ಳೆಯದೇ? ಅಷ್ಟು ಸುಲಭವಲ್ಲ. ಭಾರತ ಮತ್ತು ಥಾಯ್ಲೆಂಡ್ 82 ವಸ್ತುಗಳ ಸುಂಕ ಇಳಿಸುವ ಒಪ್ಪಂದ ಮಾಡಿಕೊಂಡವು. 2004ರ ಸೆಪ್ಟೆಂಬರ್‌ನಿಂದ ಹಂತಹಂತವಾಗಿ ಇಳಿದು ಎರಡು ವರ್ಷದಲ್ಲಿ ಸುಂಕ ಸೊನ್ನೆಯಾಯಿತು. ಆ ಪಟ್ಟಿಯಲ್ಲಿ ಗೇರ್‌ಬಾಕ್ಸ್ ಇತ್ತು. ಆಗ ಟೊಯೊಟಾ ಒಂದೇ ಮಾದರಿಯ ವಾಹನವನ್ನು ಹಲವು ದೇಶಗಳಲ್ಲಿ ಮಾಡಲು ಹೊರಟಿತ್ತು. ಡೀಸೆಲ್ ಎಂಜಿನ್ ಥಾಯ್ಲೆಂಡಿನಲ್ಲಿ, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದಲ್ಲಿ, ಗೇರ್‌ಬಾಕ್ಸ್ ಫಿಲಿಪೀನ್ಸ್ ಮತ್ತು ನಮ್ಮ ಬಿಡದಿಯಲ್ಲಿ. ನಮ್ಮ ರಾಜ್ಯದ ಹುಡುಗರು ಮಾಡಿದ ಗೇರ್‌ಬಾಕ್ಸ್ ಹಡಗು ಹತ್ತಿ ಹೊರದೇಶಕ್ಕೆ ಹೋಯಿತು.

ಅದೇ ಒಪ್ಪಂದದ ಇನ್ನೊಂದು ಮುಖ ಹರಿಯಾಣದಲ್ಲಿ ಕಂಡಿತು. ಪಟ್ಟಿಯಲ್ಲಿ ಬಣ್ಣದ ಟಿವಿಯೂ ಇತ್ತು. ಧಾರುಹೇಡಾದಲ್ಲಿ ಟಿವಿ ಮಾಡುತ್ತಿದ್ದ ಸೋನಿ 2004ರಲ್ಲಿ ಆ ಕಾರ್ಖಾನೆ ನಿಲ್ಲಿಸಿ, ಥಾಯ್ಲೆಂಡಿನಿಂದ ತರಿಸಿ ಮಾರತೊಡಗಿತು. ಒಂದೇ ಕಾಗದ, ಒಂದೇ ಸಹಿ. ಬಿಡದಿಯಲ್ಲಿ ಕೆಲಸ ಹುಟ್ಟಿತು, ಧಾರುಹೇಡಾದಲ್ಲಿ ಹೋಯಿತು.

ಇದು ನನಗೆ ಬರೀ ಓದಿದ ಮಾತಲ್ಲ. ನನ್ನ ಜೊತೆ ಇದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನೊಬ್ಬ ಐಟಿಐ ಮುಗಿಸಿ ಬೆಂಗಳೂರಿನ ಆಚೆ ಒಂದು ಬಿಡಿಭಾಗದ ಕಾರ್ಖಾನೆ ಸೇರಿದ. ಹೆಸರು ಬೇಡ, ಅವನು ಇಲ್ಲೇ ಸಭೆಯಲ್ಲಿದ್ದಾನೆ. ಗುತ್ತಿಗೆ ಕೆಲಸ. ‘ಮದುವಿ ಮಾಡ್ಕೊಳ್ಳಲೇನಲೇ, ಕೆಲಸ ನಿಲ್ಲತದ?’ ಎಂದು ಕೇಳಿದ್ದ. ‘ನಿಲ್ಲತದ ಬಿಡಲೇ, ಕಾರು ಯಾರು ಕೊಳ್ಳೋದು ಬಿಡತಾರ?’ ಎಂದು ನಾನು ದೊಡ್ಡವನ ಹಾಗೆ ಹೇಳಿದೆ. ಆ ದಿನಗಳಲ್ಲೇ ನನ್ನ ಪರದೆಯ ಮೇಲೆ ಒಂದು ಭಾಗದ ಮುಂದೆ ‘ಸ್ಥಳೀಯ’ ಎಂದಿದ್ದದ್ದು ‘ಆಮದು’ ಎಂದು ಬದಲಾದದ್ದನ್ನು ನೋಡಿದ್ದೆ. ಆಸಿಯಾನ್ ದೇಶಗಳ ಜೊತೆಗಿನ ಒಪ್ಪಂದ 2010ರಿಂದ ಜಾರಿಯಲ್ಲಿದೆ. ಸಾಮಾನ್ಯ ನಿಯಮದಂತೆ ವಸ್ತುವಿನ ಮೌಲ್ಯದಲ್ಲಿ ಶೇ. 35 ಆ ದೇಶಗಳದ್ದು ಎಂದು ತೋರಿಸಬೇಕು, ಅದರ ಸುಂಕ ಸಂಖ್ಯೆಯೂ ಅಲ್ಲಿ ಬದಲಾಗಿರಬೇಕು. ಆಗ ಒಪ್ಪಂದದಲ್ಲಿರುವ ವಸ್ತುಗಳಿಗೆ ಸುಂಕ ಕಡಿಮೆ. ನನಗೆ ಅದು ಒಂದು ಸಾಲು. ಪರೀಕ್ಷಿಸಿ, ಸರಿ ಎಂದು ಗುರುತು ಹಾಕಿ ಮುಂದೆ ಹೋದೆ.

ಕೆಲವು ತಿಂಗಳ ಮೇಲೆ ಅವನ ಕೆಲಸ ಹೋಯಿತು. ಅದೇ ಭಾಗವಲ್ಲ, ಅದೇ ಕಾರ್ಖಾನೆಯೂ ಅಲ್ಲ. ಆದರೆ ಅವನು ಹೇಳಿದ ಕಾರಣ ಅದೇ: ‘ಹೊರಗಿಂದ ಸೋವಿ ಬರತದಂತ.’ ಅಂದಿನಿಂದ ಆ ಪಟ್ಟಿಯ ಪ್ರತಿ ಸಾಲಿನ ಹಿಂದೆ ಒಂದು ಮುಖ ಕಾಣುತ್ತದೆ. ಅವನೀಗ ಊರಲ್ಲೇ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವತ್ತು ತಿಳಿಯದೆ ಧೈರ್ಯ ಹೇಳಿದ್ದಕ್ಕೆ ಇವತ್ತು ಎಲ್ಲರೆದುರು ಅವನ ಕ್ಷಮೆ ಕೇಳುತ್ತೇನೆ.

ಗೋಡೆ ಇದ್ದ ಮಾತ್ರಕ್ಕೆ ಕಾರ್ಖಾನೆ ಬಂದೇ ಬರುತ್ತದೆ ಎಂದೂ ಇಲ್ಲ. ಅಮೆರಿಕದ ಟೆಸ್ಲಾ 2021ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಂಪನಿ ನೋಂದಾಯಿಸಿತು. ಕರ್ನಾಟಕಕ್ಕೆ ಕಾರ್ಖಾನೆ ಬಂದೇಬಿಟ್ಟಿತು ಎಂದು ನಾವೆಲ್ಲ ಮಾತಾಡಿಕೊಂಡೆವು. ಅವರು ‘ಮೊದಲು ಸುಂಕ ಇಳಿಸಿ’ ಎಂದರು, ಸರಕಾರ ‘ಮೊದಲು ಇಲ್ಲಿ ತಯಾರಿಸಿ’ ಎಂದಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಒಂದು ಮಧ್ಯದ ದಾರಿ ಇಟ್ಟಿತು: 4,150 ಕೋಟಿ ರೂಪಾಯಿ ಹೂಡಿ ಮೂರು ವರ್ಷದಲ್ಲಿ ತಯಾರಿಕೆ ಶುರು ಮಾಡುವವರಿಗೆ, 35 ಸಾವಿರ ಡಾಲರ್ ಮತ್ತು ಮೇಲಿನ ಬೆಲೆಯ ವಿದ್ಯುತ್ ಕಾರುಗಳನ್ನು ವರ್ಷಕ್ಕೆ 8,000ದವರೆಗೆ ಶೇ. 15 ಸುಂಕದಲ್ಲಿ ತರಲು ಅವಕಾಶ. ಟೆಸ್ಲಾ ಅದನ್ನು ಹಿಡಿಯಲಿಲ್ಲ. 2025ರ ಜುಲೈನಲ್ಲಿ ಮುಂಬೈಯಲ್ಲಿ ಅಂಗಡಿ ತೆರೆದು, ಚೀನಾದಲ್ಲಿ ಮಾಡಿದ ಕಾರನ್ನು ಪೂರ್ತಿ ಸುಂಕ ಕಟ್ಟಿ ಮಾರತೊಡಗಿತು.

ಇಲ್ಲಿ ಮಕ್ಕಳು ನನ್ನನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ನಮ್ಮಲ್ಲಿ ಕೃಷ್ಣಾ ನದಿ ಇದೆ, ಶಕ್ತಿನಗರದಲ್ಲಿ ಕರೆಂಟು ತಯಾರಾಗುತ್ತದೆ, ರಾಯಚೂರಿನಲ್ಲಿ ಮುಂಬೈ-ಚೆನ್ನೈ ರೈಲು ನಿಲ್ಲುತ್ತದೆ. ಕಾರ್ಖಾನೆ ಇಲ್ಲಿಗೇಕೆ ಬರಲಿಲ್ಲ? ಸುಂಕ ನಿರ್ಧರಿಸುವುದು ಯಾವ ದೇಶ ಎಂಬುದನ್ನು. ಆ ದೇಶದಲ್ಲಿ ಯಾವ ಊರು ಎಂಬುದನ್ನು ಬಂದರು, ರಸ್ತೆ, ಬಿಡಿಭಾಗ ಕೊಡುವವರು, ಕಲಿತ ಕೈಗಳು ಮತ್ತು ರಾಜ್ಯ ಸರಕಾರ ಕೊಡುವ ರಿಯಾಯಿತಿ ನಿರ್ಧರಿಸುತ್ತವೆ. ಹುಂಡೈ ಚೆನ್ನೈ ಹತ್ತಿರ ಕೂತದ್ದು ಬಂದರಿಗಾಗಿ ಕೂಡ. ಒಂದು ಕಾರ್ಖಾನೆ ಬಂದರೆ ಎರಡನೆಯದು ಅದರ ಪಕ್ಕಕ್ಕೇ ಬರುತ್ತದೆ. ಬಿಡದಿಯಲ್ಲಿ ಟೊಯೊಟಾ ಮೂರನೆಯ ಘಟಕಕ್ಕೆ 3,300 ಕೋಟಿ ಹೂಡುವುದಾಗಿ 2023ರಲ್ಲಿ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದು ದೇವದುರ್ಗಕ್ಕೆ ಬರಲಿ ಎಂದು ಆಸೆಪಡಬಹುದು, ಲೆಕ್ಕ ಒಪ್ಪುವುದಿಲ್ಲ.

ಆದರೆ ನಮ್ಮ ಪಾಲಿನ ಕಾರ್ಖಾನೆ ಬೇರೆ ಇದೆ. ನಾವು ಬೆಳೆಯುವುದು ಹತ್ತಿ. ಕಲಬುರಗಿಗೆ ಪಿಎಂ ಮಿತ್ರ ಜವಳಿ ಪಾರ್ಕ್ 2023ರಲ್ಲಿ ಘೋಷಣೆಯಾಗಿದೆ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ನಮ್ಮ ಸಿದ್ಧ ಉಡುಪಿಗೆ ಅಲ್ಲಿ ಸುಂಕ ತೆಗೆಯುವ ಮಾತಿದೆ. ಅದೇ ವರ್ಷ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ ಶೇ. 50 ಸುಂಕ ಹೇರಿತು. ಬಟ್ಟೆ ಗಿರಣಿಗಳ ಭಾರ ಇಳಿಸಲು ಕೇಂದ್ರ ಸರಕಾರ ಹೊರಗಿನ ಹತ್ತಿಯ ಮೇಲಿದ್ದ ಶೇ. 11 ಸುಂಕವನ್ನು ಆಗಸ್ಟ್ 19ರಿಂದ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ಆಮೇಲೆ ಡಿಸೆಂಬರ್ ಕೊನೆಯವರೆಗೆ ಮುಂದುವರಿಸಿದರು. ಅಂದರೆ ನಮ್ಮ ಹತ್ತಿ ಗಂಜಿಗೆ ಬರುವ ತಿಂಗಳುಗಳೇ. ಗಿರಣಿ ಉಳಿಯಬೇಕು, ನಿಜ. ಅದು ಉಳಿದರೆ ನಮ್ಮ ಹತ್ತಿಗೂ ಗಿರಾಕಿ. ಆದರೆ ಆ ಭಾರ ಯಾರ ಹೆಗಲಿಗೆ ಬಂತು ಎಂದು ಅಪ್ಪನಂಥವರನ್ನು ಯಾರೂ ಕೇಳಲಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ: ಸುಂಕ ನಿರ್ಧರಿಸುವುದು ದಿಲ್ಲಿ. ನಾವು ಮತ ಹಾಕಿ ಕಳಿಸುವವರು ಅಲ್ಲಿ ಕೂತಿರುತ್ತಾರೆ. ಕಾರು ಕಂಪನಿಗಳಿಗೆ ಅಲ್ಲಿ ಸಂಘವಿದೆ, ಗಿರಣಿಗಳಿಗೂ ಇದೆ, ಪಟ್ಟಿಯ ಒಂದೊಂದು ಸಾಲಿಗೂ ಅವರು ಅರ್ಜಿ ಹಿಡಿದು ಹೋಗುತ್ತಾರೆ. 5201 ಎಂಬ ಸಾಲಿಗೆ ನಮ್ಮ ಕಡೆಯಿಂದಲೂ ಅರ್ಜಿ ಹೋಗಬೇಕು. ವೋಟು ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ.

ಮಕ್ಕಳಿಗೆ ಎರಡು ಕೆಲಸ. ಒಂದು, 2025-26ಕ್ಕೆ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಭಾರತೀಯ ಹತ್ತಿ ನಿಗಮಕ್ಕೆ ಮಾರಬೇಕಾದರೆ ‘ಕಪಾಸ್ ಕಿಸಾನ್’ ಆ್ಯಪ್‌ನಲ್ಲಿ ಹೆಸರು ಬರೆಸಬೇಕು. ಮನೆಯಲ್ಲಿ ಹಿರಿಯರಿಗೆ ಅದನ್ನು ಮಾಡಿಕೊಡಿ, ತೇವ ಶೇ. 12 ಮೀರದಂತೆ ಒಣಗಿಸಬೇಕೆಂದೂ ಹೇಳಿ. ಎರಡು, ಎರಡು ಅಂಕದ ಪ್ರಶ್ನೆಯನ್ನು ಬಾಯಿಪಾಠ ಮಾಡಬೇಡಿ. ‘ಇದರಿಂದ ನಮ್ಮ ಮನೆಗೆ ಏನಾಗತದ ಸರ್?’ ಎಂದು ಎದ್ದು ನಿಂತು ಕೇಳಿ. ನನ್ನ ಗುರುಗಳು ಆವತ್ತು ಬೈಯುತ್ತಿರಲಿಲ್ಲ. ನಾನೇ ಕೇಳಲಿಲ್ಲ.