ಸರೋವರ ನಗರಿಯೂ ಘಟಪ್ರಭೆಯ ಬಯಲೂ
(ಕಲ್ಲೋಳಿಯ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ರಾಜಸ್ಥಾನದ ಉದಯಪುರಕ್ಕೆ ಸರೋವರಗಳ ನಗರಿ ಎಂಬ ಹೆಸರಿದೆ. ಹೆಸರು ಕೇಳಿದವರಿಗೆ ಅಲ್ಲಿ ಮಲೆನಾಡಿನ ಮಳೆ ಸುರಿಯುತ್ತದೆಂಬ ಭಾವನೆ ಬರಬಹುದು. ವಾಸ್ತವವಾಗಿ ಅದು ಅರೆಶುಷ್ಕ ಸೀಮೆ. ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್. ಗೋಕಾಕ, ಮೂಡಲಗಿ ಭಾಗದ ಮಳೆ ಅದಕ್ಕಿಂತ ಹೆಚ್ಚೇನೂ ಅಲ್ಲ. ಸಮುದ್ರಮಟ್ಟದಿಂದ ಎರಡೂ ಸೀಮೆಗಳ ಎತ್ತರವೂ ಹೆಚ್ಚುಕಡಿಮೆ ಒಂದೇ.

ಅರಾವಳಿಯ ಬೆಟ್ಟಗಳು ಉದಯಪುರವನ್ನು ಬಟ್ಟಲಿನಂತೆ ಸುತ್ತುವರಿದಿವೆ. ಬಂಡೆಗಲ್ಲಿನ ಇಳಿಜಾರಿನಲ್ಲಿ ಹರಿದುಬಂದ ನೀರಿಗೆ ಅಲ್ಲಿನವರು ಒಡ್ಡು ಕಟ್ಟಿದರು. ಪಿಛೋಲಾ ಕೆರೆಯನ್ನು 14ನೆಯ ಶತಮಾನದಲ್ಲಿ ಒಬ್ಬ ಬಣಜಾರ ವರ್ತಕ ಕಟ್ಟಿಸಿದನೆಂದು ಪ್ರತೀತಿ. 1559ರ ಸುಮಾರಿಗೆ ಮಹಾರಾಣಾ ಉದಯಸಿಂಹನು ನಗರ ಕಟ್ಟಿದ್ದು ಅದರ ದಂಡೆಯಲ್ಲಿ. ಮೊದಲು ಕೆರೆ, ಆಮೇಲೆ ಊರು ಎಂಬ ಈ ಕ್ರಮ ಗಮನಾರ್ಹ. ಪಿಛೋಲಾ, ಸ್ವರೂಪಸಾಗರ, ಫತೇಸಾಗರಗಳು ಕಾಲುವೆಗಳಿಂದ ಕೂಡಿಕೊಂಡಿವೆ. ಹೆಚ್ಚಾದ ನೀರು ಆಹಡ ನದಿಗೆ ಸೇರಿ ಉದಯಸಾಗರವನ್ನು ತಲುಪುತ್ತದೆ. ಆ ನಗರವೇನೂ ಸ್ವಯಂಪೂರ್ಣವಲ್ಲ. ಬರಗಾಲದಲ್ಲಿ ಅದರ ಕೆರೆಗಳೂ ಬತ್ತಿದ್ದುಂಟು, ಬೇರೆ ಕಣಿವೆಯ ನೀರನ್ನು ಅದೂ ತರಿಸಿಕೊಂಡಿದೆ.

ಘಟಪ್ರಭೆಯ ಬಯಲಿನ ಕಥೆ ಬೇರೆ. ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಗೋಕಾಕಕ್ಕೆ ನೇರ ಅಳತೆಯಲ್ಲಿ ನೂರು ಕಿಲೋಮೀಟರ್ ಸಹ ಇಲ್ಲ. ಅಷ್ಟರಲ್ಲಿ ಮಳೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಮುಂಗಾರಿನ ಮೋಡ ಸಹ್ಯಾದ್ರಿಯಲ್ಲೇ ಬರಿದಾಗುತ್ತದೆ. ಈ ಎರೆಭೂಮಿ ನೆಚ್ಚಿಕೊಂಡಿರುವುದು ಸೆಪ್ಟೆಂಬರ್, ಅಕ್ಟೋಬರಿನ ಮಳೆಯನ್ನು. ಹಿಂಗಾರಿ ಜೋಳ ಈ ಹವೆಗೆ ಒಗ್ಗಿದ ಬೆಳೆ. ಕಬ್ಬು ಒಗ್ಗಿದ್ದು ಕಾಲುವೆಗೆ.

19ನೆಯ ಶತಮಾನದಲ್ಲಿ ಧುಪದಾಳದ ಒಡ್ಡು, ಬಳಿಕ 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯ ಬಂದವು. ಧುಪದಾಳದ ಹಿನ್ನೀರು ಇಂದು ಪಕ್ಷಿಧಾಮ. ಹಿಡಕಲ್ಲಿನ ಹಿನ್ನೀರಿನಲ್ಲಿ ಮುಳುಗಿರುವ ಹುನ್ನೂರಿನ ವಿಠ್ಠಲ ದೇವಾಲಯ ಬೇಸಿಗೆಯಲ್ಲಿ ತಲೆ ಎತ್ತುತ್ತದೆ. ಯಾವುದೇ ಮಾಪಕಪಟ್ಟಿಗಿಂತ ಆ ಗುಡಿಯೇ ಜಲಾಶಯದ ಸ್ಥಿತಿಯನ್ನು ಜನರಿಗೆ ಸ್ಪಷ್ಟವಾಗಿ ಹೇಳುತ್ತದೆ.

ಪರರ ಮಳೆಯನ್ನು ನಂಬಿದ ನಾಡಿಗೆ ಎರಡು ಬಗೆಯ ಸಂಕಟ. 2019ರ ಆಗಸ್ಟಿನಲ್ಲಿ ಘಟ್ಟದಲ್ಲಿ ಸುರಿದ ಮಳೆ ಗೋಕಾಕವನ್ನು ಮುಳುಗಿಸಿತು. 2024ರಲ್ಲಿ ಲೋಳಸೂರ ಸೇತುವೆ ಮತ್ತೆ ನೀರಿನಡಿಯಾಯಿತು. ಘಟ್ಟದಲ್ಲಿ ಮಳೆ ಕೈಕೊಟ್ಟ ವರ್ಷ ಕಾಲುವೆಯ ಕೊನೆಯಂಚಿನ ಹೊಲಗಳು ಒಣಗುತ್ತವೆ. ಈ ನಡುವೆ ನೀರಿನ ಹಕ್ಕುದಾರರೂ ಹೆಚ್ಚುತ್ತಿದ್ದಾರೆ. ಬೆಳಗಾವಿ ನಗರ ಹಿಡಕಲ್ಲಿನ ನೀರು ಕುಡಿಯುತ್ತಿದೆ. ಧಾರವಾಡದ ಕೈಗಾರಿಕೆಗಳಿಗೆ ಅದನ್ನು ಒಯ್ಯುವ ಯೋಜನೆ 2025ರಲ್ಲಿ ತೀವ್ರ ವಿರೋಧ ಎದುರಿಸಿತು. ಅತಿಯಾಗಿ ನೀರುಂಡ ಎರೆಭೂಮಿ ಸವಳು-ಜವಳಾಗುವುದು ಇನ್ನೊಂದು ನಷ್ಟ. ಅದಕ್ಕೆ ಪ್ರತಿಭಟನೆಯ ಸದ್ದಿಲ್ಲ.

ಕಲ್ಲೋಳಿ ಹೊಸ ಊರಲ್ಲ. ರಟ್ಟರ ಕಾಲದ ಶಾಸನವಿರುವ ಊರು. ಕಲ್ಲು, ಹೊಳೆ ಎರಡೂ ಹೆಸರಿನಲ್ಲೇ ಕೇಳಿಸುತ್ತವೆ. ಕಾಲುವೆ ಬರುವ ಮೊದಲು ಇಂಥ ಊರುಗಳು ಹಳ್ಳ, ಬಾವಿ, ಹೊಲದ ಒಡ್ಡುಗಳಿಂದಲೇ ಬದುಕಿದವು. ಒಂದು ಹೆಕ್ಟೇರಿನ ಮೇಲೆ ಬೀಳುವ 500 ಮಿಲಿಮೀಟರ್ ಮಳೆಯೆಂದರೆ 50 ಲಕ್ಷ ಲೀಟರ್ ನೀರು. ಅದರ ಒಂದು ಪಾಲಾದರೂ ಊರಲ್ಲಿ ನಿಲ್ಲಬೇಕಾದರೆ ಹಳ್ಳಗಳ ಹೂಳು ತೆಗೆಯಬೇಕು, ಒತ್ತುವರಿಯಾದ ಹಳ್ಳದ ದಂಡೆ ಬಿಡಿಸಬೇಕು, ಕಿತ್ತುಹೋದ ಒಡ್ಡುಗಳನ್ನು ಮತ್ತೆ ಹಾಕಬೇಕು. ಈ ಕೆಲಸಕ್ಕೆ ಜಲಾಶಯದ ಬಾಗಿಲು ತೆರೆಯುವವರೆಗೆ ಕಾಯಬೇಕಾಗಿಲ್ಲ; ಸುಗ್ಗಿ ಮುಗಿದು ಮೊದಲ ಅಡ್ಡಮಳೆ ಬೀಳುವವರೆಗಿನ ಬಿಡುವು ಸಾಕು.